ಅಪ್ಪನ ತಲೆಗೆ ಕಟ್ಟಿದ ಸತ್ತ ಅಣ್ಣನ ಹುಟ್ಟು

ಫಾಲ್ ರಿವರ್, ಮ್ಯಾಸಚೂಸೆಟ್ಸ್
ಮಾರ್ಚ್ 1942

ಹಳೆಯ ಜನಗಣತಿ ಪುಸ್ತಕಗಳನ್ನು ಕಾಯುವ ಮೇಲಧಿಕಾರಿಗಳೇ,

ನನ್ನ ಕೈಬರಹ ಚೆನ್ನಾಗಿಲ್ಲ, ಕಾಗುಣಿತವೂ ಅಲ್ಲಲ್ಲಿ ತಪ್ಪಿರುತ್ತದೆ. ಐದನೇ ತರಗತಿ ಮುಗಿಸಿ ಗಿರಣಿ ಸೇರಿದವಳು ನಾನು, ಕ್ಷಮಿಸಬೇಕು. ಇದೇ ಪತ್ರವನ್ನು ಊರ ಪತ್ರಿಕೆಗೂ ಕೊಟ್ಟಿದ್ದೇನೆ, ಅಚ್ಚು ಹಾಕುವಾಗ ತಿದ್ದಿಕೊಳ್ಳುತ್ತೇವೆಂದು ಅವರು ಹೇಳಿದ್ದಾರೆ. ನೀವು ನಮಗೆ ಕಳಿಸಿದ ಹಾಳೆ ಟೈಪ್ ಮಾಡಿದ್ದು. ಅದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಆ ತಪ್ಪಿಲ್ಲದ ಹಾಳೆಯಲ್ಲಿ ನೀವು ನನ್ನ ಅಪ್ಪನನ್ನು ಅರವತ್ತು ವರ್ಷದ ಹಿಂದೆ ಸತ್ತುಹೋದ ಒಂದು ಮಗುವನ್ನಾಗಿ ಮಾಡಿದ್ದೀರಿ.

ಅಪ್ಪನ ಹೆಸರು ಈನಕ್ ಕೆರ್ಷಾ. ಹುಟ್ಟಿದ್ದು ಇದೇ ಊರಿನಲ್ಲಿ, 1882ರ ಫೆಬ್ರವರಿಯಲ್ಲಿ. ನಲವತ್ತು ವರ್ಷದಿಂದ ಮಗ್ಗಗಳನ್ನು ರಿಪೇರಿ ಮಾಡುತ್ತಿದ್ದಾರೆ. ಯುದ್ಧ ಬಂದ ಮೇಲೆ ನಮ್ಮ ಗಿರಣಿ ಸೈನ್ಯಕ್ಕೆ ಬಟ್ಟೆ ನೇಯುತ್ತಿದೆ. ಹಾಗಾಗಿ ಅಲ್ಲಿನ ಕೆಲಸದವರೆಲ್ಲ ಈ ದೇಶದಲ್ಲಿ ಹುಟ್ಟಿದ್ದಕ್ಕೆ ಕಾಗದ ತೋರಿಸಬೇಕಾಗಿದೆ. ಅಪ್ಪನ ಹೆರಿಗೆ ಮನೆಯಲ್ಲೇ ಆಯಿತು, ಸೂಲಗಿತ್ತಿ ಊರ ಕಚೇರಿಗೆ ತಿಳಿಸಲಿಲ್ಲ. ಅದಕ್ಕೇ ನಿಮಗೆ ಬರೆದೆವು. ಆರು ವಾರಕ್ಕೆ ಉತ್ತರ ಬಂತು: 1880ರ ಪುಸ್ತಕದಲ್ಲಿ ಜೇಬೆಜ್ ಕೆರ್ಷಾ, ನೇಕಾರ, ಹೆಂಡತಿ ಸೆಲೀನಾ, ಮಗ ಈನಕ್, ವಯಸ್ಸು ಮೂರು, ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಆದ್ದರಿಂದ ಅಪ್ಪ ಪರದೇಶಿ. ಪರದೇಶಿಗಳೆಲ್ಲ ಹೆಸರು ಬರೆಸಬೇಕೆಂದು ಕಾನೂನು ಬಂದು ಎರಡು ವರ್ಷವಾಗಿರುವುದರಿಂದ ಅಪ್ಪ ತಪ್ಪಿತಸ್ಥರೂ ಹೌದು. ಗಿರಣಿಯವರು ಶನಿವಾರದವರೆಗೆ ಗಡುವು ಕೊಟ್ಟಿದ್ದಾರೆ. ಅಷ್ಟರಲ್ಲಿ ಹುಟ್ಟಿನ ಕಾಗದ ತರಬೇಕು. ಇಲ್ಲದಿದ್ದರೆ ಪರದೇಶಿಯೆಂದು ಬೆರಳಚ್ಚು ಕೊಟ್ಟು, ಮಗ್ಗ ಬಿಟ್ಟು, ಅಂಗಳ ಗುಡಿಸಬೇಕು.

ಮಾನ್ಯರೇ, ನಿಮ್ಮ ಪುಸ್ತಕ ಸುಳ್ಳು ಹೇಳುತ್ತಿಲ್ಲ. ಆ ಮೂರು ವರ್ಷದ ಈನಕ್ ಇದ್ದದ್ದು ನಿಜ. ಅವನು ಇಂಗ್ಲೆಂಡಿನ ಓಲ್ಡಮ್‌ನಲ್ಲಿ ಹುಟ್ಟಿ, 1879ರಲ್ಲಿ ನನ್ನ ತಾತ ಅಜ್ಜಿಯ ಜೊತೆ ಹಡಗಿನಲ್ಲಿ ಬಂದವನು. ಎರಡು ವರ್ಷದ ಮೇಲೆ ಅಕ್ಟೋಬರಿನಲ್ಲಿ ಮೈಯೆಲ್ಲ ಕೆಂಪಾಗುವ ಜ್ವರ ಬಂದು ತೀರಿಕೊಂಡ. ಆಗ ನನ್ನ ಅಪ್ಪ ಅಜ್ಜಿಯ ಹೊಟ್ಟೆಯಲ್ಲಿದ್ದರು. ಆ ಲ್ಯಾಂಕಾಶೈರ್ ಸೀಮೆಯಿಂದ ಬಂದ ನಮ್ಮ ಜನದಲ್ಲಿ ಹಿರಿಯರ ಹೆಸರು ಮಗುವಿನೊಂದಿಗೆ ಮಣ್ಣಾಗಲು ಬಿಡುತ್ತಿರಲಿಲ್ಲ. ಮುಂದೆ ಹುಟ್ಟಿದ ಗಂಡುಮಗುವಿಗೆ ಅದೇ ಹೆಸರು. ಅಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಮನೆಯ ಬೈಬಲಿನ ಮೊದಲ ಹಾಳೆಯಲ್ಲಿ ಮಕ್ಕಳ ಹೆಸರು ಬರೆಯುವ ಕಡೆ ‘ಈನಕ್’ ಎಂದು ಆಗಲೇ ಇತ್ತಲ್ಲ, ಅದನ್ನು ಹಾಗೇ ಬಿಟ್ಟು ತಾರೀಖನ್ನು ಮಾತ್ರ ಹೊಡೆದುಹಾಕಿ ಮೇಲೆ ಹೊಸ ತಾರೀಖು ಬರೆದಳು. ಹೆಸರಿನ ಮೇಲೆ ಗೀಟು ಎಳೆಯಲು ಅವಳಿಗೆ ಕೈ ಬರಲಿಲ್ಲವಂತೆ.

ಆ ಬೈಬಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಿಮ್ಮ ಕೈಕೆಳಗಿನ ಗುಮಾಸ್ತರ ಹತ್ತಿರ ಹೋದೆ.

“ಇದು ತಿದ್ದಿರೋದು ಕಣಮ್ಮಾ,” ಎಂದರು.

“ಹೌದು ಸಾರ್. ನಮ್ಮಜ್ಜಿ ತಿದ್ದಿದ್ದು.”

“ನಾನೂ ಅದನ್ನೇ ಹೇಳ್ತಿರೋದು. ಆ ಮೊದಲ್ನೇ ಹುಡುಗ ಸತ್ತಿದ್ದಕ್ಕೆ ಏನಾದ್ರೂ ಇದ್ಯಾ?”

ಊರ ಕಚೇರಿಯ ಸಾವಿನ ಪುಸ್ತಕದಿಂದ ಬರೆಸಿ ತಂದಿದ್ದನ್ನು ಕೊಟ್ಟೆ. ‘ಜೇಬೆಜ್ ಕೆರ್ಷಾನ ಮಗು, ನಾಲ್ಕು ವರ್ಷ, ಜ್ವರ’ ಎಂದಿತ್ತು. ಅವರು ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು.

“ಹೆಸರೇ ಇಲ್ವಲ್ಲ. ಯಾವ ಮಗು ಅಂತ ನಂಬ್ಲಿ? ನಿಮ್ಮಪ್ಪನಿಗಿಂತ ದೊಡ್ಡೋರು ಯಾರಾದ್ರೂ ಬಂದು ಪ್ರಮಾಣ ಮಾಡ್ಲಿ.”

“ಎಲ್ಲಾರೂ ತೀರ್ಕೊಂಡಿದಾರೆ ಸಾರ್.”

“ಹಾಗಾದ್ರೆ ನಾನೇನಮ್ಮಾ ಮಾಡ್ಲಿ?”

ಹಿಂದೆ ಸಾಲು ನಿಂತಿತ್ತು. ಬೈಬಲನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದೆ. ಅಲ್ಲಿ ಆಡದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದೇ ಪುಸ್ತಕದ ಪ್ರಕಾರ 1880ರಲ್ಲಿ ಜೇಬೆಜ್ ಕೆರ್ಷಾನ ಮನೆಯಲ್ಲಿದ್ದದ್ದು ಒಂದೇ ಮಗು, ವಯಸ್ಸು ಮೂರು. ಮರುವರ್ಷ ಅದೇ ಜೇಬೆಜ್ ಕೆರ್ಷಾನ ನಾಲ್ಕು ವರ್ಷದ ಮಗು ಸತ್ತಿತು. ಹಾಗಾದರೆ ಸತ್ತದ್ದು ಯಾರು? ಇದ್ದ ಒಂದು ಮಗುವೂ ಹೋದ ಮೇಲೆ, ಇಂದು ನಮ್ಮ ಮನೆಯಲ್ಲಿ ಕೆಮ್ಮುತ್ತ ಕೂತಿರುವವರು ಯಾರು? ಐದನೇ ತರಗತಿಯವಳಿಗೆ ಬರುವ ಲೆಕ್ಕ ಇಷ್ಟು. ಇದಕ್ಕಿಂತ ದೊಡ್ಡ ಲೆಕ್ಕ ಕಲಿತವರು ನಿಮ್ಮಲ್ಲಿ ಬಹಳ ಜನ ಇರಬೇಕು.

ಅಪ್ಪನಿಗೆ ಎಂಟು ವರ್ಷವಿದ್ದಾಗ ಬರೆದ 1890ರ ಪುಸ್ತಕಗಳು ಸುಟ್ಟುಹೋಗಿವೆ ಎಂದು ನೀವೇ ಬರೆದಿದ್ದೀರಿ. ನಿಮ್ಮ ಕಡೆಯ ಬೆಂಕಿಗೆ ಕ್ಷಮೆ ಇದೆ. ನಮ್ಮ ಕಡೆಯ ಒಂದು ಗೀಟಿಗೆ ಇಲ್ಲವೇ? ಇನ್ನು 1900ರ ಪುಸ್ತಕದಲ್ಲೂ ಅಪ್ಪ ಇಂಗ್ಲೆಂಡಿನಲ್ಲಿ ಹುಟ್ಟಿದವರೆಂದೇ ಇದೆಯಂತೆ. ಅದು ಹೇಗಾಯಿತೆಂದು ಅಪ್ಪನಿಗೆ ಚೆನ್ನಾಗಿ ನೆನಪಿದೆ. ಗಣತಿಯವನು ಬಂದದ್ದು ಹಗಲಲ್ಲಿ. ಹಗಲಲ್ಲಿ ಗಿರಣಿ ಕೆಲಸದವರ ಮನೆಯಲ್ಲಿ ಯಾರಿರುತ್ತಾರೆ? ಇಡೀ ಕಟ್ಟಡಕ್ಕೆ ಉತ್ತರ ಕೊಟ್ಟವಳು ಕೆಳಮನೆಯಲ್ಲಿ ಕೂಸುಗಳನ್ನು ನೋಡಿಕೊಳ್ಳುತ್ತಿದ್ದ ಡಕ್‌ವರ್ತ್ ಅಜ್ಜಿ. ಸಂಜೆ ಬಂದವರಿಗೆಲ್ಲ ಜಂಬದಿಂದ ಹೇಳಿದಳಂತೆ:

“ನಿಮ್ದೆಲ್ಲಾ ಬರೆಸಿಬಿಟ್ಟೆ ಕಣ್ರೋ. ನೀವು ಕೆರ್ಷಾಗಳು ಪೂರಾ ಓಲ್ಡಮ್‌ನೋರು ಅಂದೆ. ಈನಕ್‌ನ ಹಡಗಿನಿಂದ ಇಳಿಸಿ ಎತ್ಕೊಂಡು ಬಂದೋಳೇ ನಾನು, ಗೊತ್ತಿಲ್ವಾ ನಂಗೆ?”

“ಅದು ನಾನಲ್ಲ ಅಜ್ಜೀ, ಅಣ್ಣ,” ಎಂದರಂತೆ ಹದಿನೆಂಟು ವರ್ಷದ ಅಪ್ಪ.

“ಹೋಗೋ, ಇನ್ನೇನು ಅವನನ್ನ ಮತ್ತೆ ಕರೀಲಾ? ಒಂದೇ ಹೆಸ್ರು ತಾನೇ!”

ಎಲ್ಲರೂ ನಕ್ಕು ಊಟಕ್ಕೆ ಹೋದರು. ನಲವತ್ತೆರಡು ವರ್ಷವಾದ ಮೇಲೆ ಆ ಅಜ್ಜಿಯ ಮಾತು ಸಾಕ್ಷಿಯಾಗಿ ಹೊರಬರುತ್ತದೆಂದು ಯಾರಿಗೆ ಗೊತ್ತಿತ್ತು? ಆಮೇಲಿನ ನಾಲ್ಕು ಗಣತಿಗಳಲ್ಲಿ ಅಪ್ಪ ತಾವೇ ಬಾಗಿಲಲ್ಲಿ ನಿಂತು, ತಾನು ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದವನೆಂದು ಬರೆಸಿದ್ದಾರೆ. ಅವು ನಿಮಗೆ ನಡೆಯವು, ಏಕೆಂದರೆ ಅವು ‘ಅರ್ಜಿದಾರನ ಸ್ವಂತ ಹೇಳಿಕೆ’. ಒಬ್ಬ ಮನುಷ್ಯನ ಬಗ್ಗೆ ಅವನನ್ನು ಬಿಟ್ಟು ಬೇರೆ ಯಾರು ಹೇಳಿದರೂ ಸತ್ಯ. ಇಂಥ ನ್ಯಾಯವನ್ನು ಕಂಡುಹಿಡಿದವರಿಗೆ ನನ್ನ ನಮಸ್ಕಾರ.

ಮೊನ್ನೆ ನಿಮ್ಮ ಹಾಳೆಯನ್ನು ಮಡಚಿಡುತ್ತ ಅಪ್ಪ ಹೇಳಿದರು: “ಹೆಟ್ಟಿ, ಚಿಕ್ಕೋನಿದ್ದಾಗ ನಮ್ಮಮ್ಮ ನನ್ನ ನೋಡ್ತಾ ನೋಡ್ತಾ ಅವನನ್ನ ಹುಡುಕ್ತಿದ್ಲು ಕಣಮ್ಮಾ. ಈಗ ಸರಕಾರಾನೂ ಅದನ್ನೇ ಮಾಡ್ತಿದೆ.”

ನಾನು ಕೇಳುವುದು ದೊಡ್ಡದಲ್ಲ. ಅಪ್ಪ ಇಲ್ಲೇ ಹುಟ್ಟಿದರೆಂದು ನೀವು ಕಣ್ಣಾರೆ ಕಂಡಂತೆ ಬರೆಯಬೇಡಿ. ನಿಮಗೆ ಗೊತ್ತಿರುವಷ್ಟನ್ನು ಮಾತ್ರ ಬರೆಯಿರಿ: 1880ರ ಈನಕ್ ಮರುವರ್ಷ ಸತ್ತ, ಅವನ ತಮ್ಮನ ಹುಟ್ಟು ಯಾವ ಪುಸ್ತಕದಲ್ಲಿರಬೇಕಿತ್ತೋ ಆ ಪುಸ್ತಕ ನಮ್ಮಲ್ಲಿಲ್ಲ. ಈ ಎರಡು ಸಾಲಿಗೆ ಮುದ್ರೆ ಒತ್ತಿ ಶನಿವಾರದೊಳಗೆ ಗಿರಣಿಗೆ ಕಳಿಸಿಕೊಡಿ. ಅಷ್ಟಿದ್ದರೆ ಊರಿನ ನ್ಯಾಯಾಧೀಶರ ಮುಂದೆ ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.

ಈ ಬೆಳಗ್ಗೆ ಅಪ್ಪನನ್ನು ಕರೆದುಕೊಂಡು, ಪರದೇಶಿಗಳ ಹೆಸರು ಬರೆಸಿಕೊಳ್ಳುವ ಅಂಚೆ ಕಚೇರಿಗೆ ಹೋಗಿದ್ದೆ. ಕೆಲಸ ಪೂರ್ತಿ ಹೋಗುವುದಕ್ಕಿಂತ ಅಂಗಳ ಗುಡಿಸುವುದಾದರೂ ಇರಲಿ ಎಂದು ಪರದೇಶಿಗಳ ಅರ್ಜಿ ತುಂಬಲು ಒಪ್ಪಿದ್ದರು. ಹೆಸರು ಬರೆದರು. ಹುಟ್ಟಿದ ಊರು ಓಲ್ಡಮ್ ಎಂದೂ ಬರೆದರು. ಮುಂದಿನ ಪ್ರಶ್ನೆ, ಈ ದೇಶಕ್ಕೆ ಯಾವ ಹಡಗಿನಲ್ಲಿ ಬಂದಿರಿ ಎಂದು.

“ಯಾವ್ದಾದ್ರೂ ಒಂದು ಬರೀರಿ ಯಜಮಾನ್ರೇ, ಯಾರು ನೋಡ್ತಾರೆ?” ಎಂದರು ಕಿಟಕಿಯವರು.

ಅಪ್ಪ ಆ ಗೆರೆಯನ್ನು ಖಾಲಿ ಬಿಟ್ಟರು. ಆಮೇಲೆ ನಿಬ್ಬನ್ನು ಕೋಟಿನ ಅಂಚಿಗೆ ಒರೆಸಿ, ಲೇಖನಿಯನ್ನು ಅದರ ಜಾಗದಲ್ಲಿಟ್ಟು, ಟೋಪಿ ಹಾಕಿಕೊಂಡರು.

ಇಂತಿ,
ಹಡಗು ಹತ್ತದವರ ಮಗಳು,
ಹೆಟ್ಟಿ ಕೆರ್ಷಾ
ನೂಲು ಸುತ್ತುವವಳು