ಅಕ್ಕಿ ಇದ್ದ ಜಾಗದಲ್ಲಿ ಭಕ್ತಿ

ಶಿರ್ತಾಡಿ
೧೬ ಸೆಪ್ಟೆಂಬರ್ ೨೦೨೪

ಪ್ರೀತಿಯ ಶಶಿ,

ಹೇಗಿದ್ದೀ? ಗುರುವಾಯನಕೆರೆಯಲ್ಲಿ ಎಲ್ಲರೂ ಸೌಖ್ಯವಾ? ಹಬ್ಬದ ಸಂಜೆ ನೀನು ಫೋನ್ ಮಾಡಿದಾಗ ಮಾತಿನ ಮಧ್ಯೆಯೇ ನಾನು ಇಟ್ಟುಬಿಟ್ಟೆ, ಕ್ಷಮಿಸು. ಪುನಃ ಮಾಡಿದ್ದರೆ ಜಗಳವಾಗುತ್ತಿತ್ತು. ಅದಕ್ಕೇ ತಡವಾಗಿ ಈ ಕಾಗದ.

ಮೊಂತಿ ಹಬ್ಬ ಚೆನ್ನಾಗಿಯೇ ಆಯಿತು. ಮಕ್ಕಳು ಮರಿಯಮ್ಮನಿಗೆ ಹೂ ಹಾಕಿದರು, ಫಾದರ್ ಹೊಸ ತೆನೆ ಆಶೀರ್ವದಿಸಿ ಹಂಚಿದರು. ಆಮೇಲೆ ನೀನು ಮೂಡುಬಿದಿರೆಯಲ್ಲಿ ರೆಕಾರ್ಡ್ ಮಾಡಿಸಿದ ನಮ್ಮ ಹಾಡನ್ನು ಮೈಕಿನಲ್ಲಿ ಹಾಕಿದರು. ಪದ ನನ್ನದು, ರಾಗ ಮತ್ತು ಸ್ವರ ನಿನ್ನದು. ಭಜನೆ ಹಾಡಿ ಪಳಗಿದ ನಿನ್ನ ಗಂಟಲು ನಮ್ಮ ಇಗರ್ಜಿಯಲ್ಲಿ ಕೇಳಿದಾಗ ಅಳುವೇ ಬಂತು, ಸುಳ್ಳು ಹೇಳುವುದಿಲ್ಲ.

ಪಲ್ಲವಿ ಬಂತು. ನಾನು ಬರೆದದ್ದು, ‘ಅಮ್ಮಾ, ಮಗನಲ್ಲಿ ಹೇಳು, ಇವರಲ್ಲಿ ಅಕ್ಕಿ ಇಲ್ಲ.’ ನೀನು ಹಾಡಿದ್ದು, ‘ಇವರಲ್ಲಿ ಭಕ್ತಿ ಇಲ್ಲ.’ ಮೈಕಿನ ದೋಷ ಅಂದುಕೊಂಡೆ. ಎರಡನೇ ಸಲವೂ ಭಕ್ತಿಯೇ.

ಕಾನಾ ಊರಿನ ಮದುವೆಯ ಕಥೆ ನಿನಗೆ ಹೇಳಿದ್ದೆನಲ್ಲ? ಮದುವೆಮನೆಯಲ್ಲಿ ದ್ರಾಕ್ಷಾರಸ ಮುಗಿದಾಗ ಮರಿಯಮ್ಮ ಮಗನ ಹತ್ತಿರ ‘ಇವರಲ್ಲಿ ದ್ರಾಕ್ಷಾರಸ ಇಲ್ಲ’ ಎಂದಷ್ಟೇ ಹೇಳಿದಳು. ಹಸಿದವರ ಪರವಾಗಿಯೂ ಅವಳು ಹಾಗೆಯೇ ಹೇಳಲಿ ಎಂದು ಬರೆದೆ. ಈಗ ನಿನ್ನ ದಯದಿಂದ ಅವಳು ಬಡವರ ಮೇಲೆ ಚಾಡಿ ಹೇಳುವವಳಾದಳು. ರೇಷನ್ ಅಕ್ಕಿಯಲ್ಲಿ ತಿಂಗಳು ದೂಡುವ ಅಪೊಲಿನ್ ಬಾಯಿ ಇಗರ್ಜಿಯ ಮೆಟ್ಟಿಲಲ್ಲಿ ನನ್ನ ಕೈ ಹಿಡಿದು, “ಸೆವ್ರಿನ್, ನಾನು ದಿನಾ ಜಪಸರ ಮಾಡ್ತೇನಲ್ಲ, ಮತ್ತೆ ಯಾಕೆ ನಮ್ಮ ಮೇಲೆ ದೂರು?” ಎಂದು ಕೇಳಿದಳು.

ಸಂಜೆ ನೀನು ನಗುತ್ತಾ ಅಂದೆ, “ಒಂದು ಶಬ್ದ ಬದಲಿಸಿದ್ದೇನೆ, ಗೊತ್ತಾಯ್ತಾ? ದೇವರ ಹಾಡಲ್ಲಿ ಅಕ್ಕಿ ಅಂದ್ರೆ ರೇಷನ್ ಅಂಗಡಿ ನೆನಪಾಗ್ತದೆ ಮಾರಾಯ್ತಿ. ಭಕ್ತಿ ಅಂದ್ರೆ ಒಂದು ಗೌರವ ಉಂಟು.” ಆಗಲೇ ನಾನು ಫೋನ್ ಇಟ್ಟದ್ದು.

ನನ್ನನ್ನು ಒಂದು ಮಾತು ಕೇಳಬಹುದಿತ್ತು ಶಶಿ. ಬೇರೆ ಯಾರಾದರೂ ಮಾಡಿದ್ದರೆ ಬೈದು ಮರೆಯುತ್ತಿದ್ದೆ. ನೀನು ಮಾಡಿದ್ದನ್ನು ಮೋಸ ಎನ್ನದೆ ಬೇರೇನೆನ್ನಲಿ? ಪುನಃ ಸರಿಯಾಗಿ ಹಾಡು. ಇಲ್ಲವಾದರೆ ಆ ಹಾಡಿನಿಂದ ನನ್ನ ಹೆಸರು ತೆಗೆಸು.

ಮೊಮ್ಮಗಳು ಮೋಕ್ಷಿತಾಳಿಗೆ ನನ್ನ ಮುತ್ತು. ನಿಮ್ಮ ಮನೆಯ ಅನ್ನದ ಪಾತ್ರೆ ಯಾವತ್ತೂ ತುಂಬಿರಲಿ.

ನಿನ್ನ
ಸೆವ್ರಿನ್

ತಾ.ಕ.: ಆ ಸಾಲು ನಿಜಕ್ಕೂ ನನ್ನದಲ್ಲ, ನನ್ನ ಅಮ್ಮನದು. ನಾವು ಮೂರನೇ ಕ್ಲಾಸಿನಲ್ಲಿದ್ದಾಗ, ಬೀಡಿ ಕೆಲಸ ನಿಂತ ವಾರ, ಅಮ್ಮ ಖಾಲಿ ಚೀಲ ಕೊಟ್ಟು ನನ್ನನ್ನು ನಿಮ್ಮ ಮನೆಗೆ ಕಳಿಸಿದಳು. “ಅಕ್ಕಿ ಕೊಡಿ ಅನ್ಬೇಡ. ಅಕ್ಕಿ ಇಲ್ಲ ಅನ್ನು, ಸಾಕು” ಎಂದು ಹೇಳಿಕೊಟ್ಟಿದ್ದಳು. ಬಾಗಿಲು ತೆಗೆದವಳು ನೀನು. ನಿನಗೆ ನೆನಪಿರಬಹುದು ಎಂದು ನಂಬಿಯೇ ಆ ಹಾಡನ್ನು ನಿನ್ನ ಕೈಗೆ ಕೊಟ್ಟಿದ್ದೆ. ಅವತ್ತು ನೀನು ಒಳಗೆ ಓಡಿ ಎರಡೂ ಕೈಯಲ್ಲಿ ಅಕ್ಕಿ ತುಂಬಿಕೊಂಡು ಬಂದೆ. ನನ್ನಲ್ಲಿ ಭಕ್ತಿ ಉಂಟಾ ಎಂದು ಕೇಳಲಿಲ್ಲ.