ಅಂಚು ಕತ್ತರಿಸದ ನಾಟಕ

ಹೆಕ್ಸಮ್, ನವೆಂಬರ್ 1917

ಸೇನಾ ದಾಖಲೆ ಕಚೇರಿಯ ಅಧಿಕಾರಿಗಳೇ,

ನನ್ನ ಮಗ ಆಂಬ್ರೋಸ್ ಮಡಿದನೆಂದು ತಿಳಿಸಿ, ಅವನ ಚೀಲದ್ದೆಂದು ನೀವು ಕಳುಹಿಸಿದ ನಾಟಕದ ಪುಸ್ತಕ ತಲುಪಿತು. ನಾನು ಅವನಿಗೆ ಕೊಟ್ಟಿದ್ದೂ ಇದೇ ನಾಟಕ. ಆದರೆ ಈ ಪ್ರತಿಯಲ್ಲಿ, ಅಂಗಡಿಯಿಂದ ಬರುವಾಗ ಅಂಚು ಕೂಡಿಕೊಂಡೇ ಇರುವ ಪುಟಗಳ ಮಡಿಕೆಯನ್ನು ಯಾರೂ ಚಾಕುವಿನಿಂದ ಕತ್ತರಿಸಿ ಬಿಡಿಸಿಲ್ಲ. ಕಂದಕದಿಂದ ಮಗ ಬರೆದಿದ್ದ: "ಅಮ್ಮಾ, ನಾಟಕ ಪೂರ್ತಿ ಓದಿ ಆಡಿದ್ವಿ. ನಮ್ಮ ಸಾರ್ಜೆಂಟ್ ರಾಣಿ ಪಾರ್ಟು ಶುರುಮಾಡಿದ್ರೆ ಇಲಿಗಳೂ ಓಡಿಹೋಗ್ತವೆ!"

ಮಡಿಕೆ ಬಿಡಿಸದೆ ಓದಿದರೇ? ಹಿಂದೆ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ನನ್ನ ತಮ್ಮನದೆಂದು ಯಾರದೋ ಗಡಿಯಾರ ಕಳುಹಿಸಿದ್ದಿರಿ, ನಾನು ಮರೆತಿಲ್ಲ.

ಆಂಬ್ರೋಸ್‌ನನ್ನು ಆಸ್ಪತ್ರೆಗಳಲ್ಲಿ ಹುಡುಕಿಸಿ. ಈ ಪುಸ್ತಕ ಯಾವ ಸೈನಿಕನದೆಂದೂ ವಿಚಾರಿಸಿ. ಮಡಿದವನು ಆ ಸೈನಿಕನಾದರೆ, ಸುದ್ದಿ ತಿಳಿಯದ ಅವನ ತಾಯಿ ಇನ್ನೂ ಅವನಿಗಾಗಿ ಕಾಲುಚೀಲ ಹೆಣೆಯುತ್ತಿರಬಹುದು.

ಉತ್ತರಕ್ಕೆ ಕಾದಿರುವ,
ವಿನಿಫ್ರೆಡ್ ಥ್ಯಾಕ್ರೆ