ಹೊಗೆಯಳತೆ

...ಅಲ್ಲ, ತಡೀರಿ, ಮತ್ತ ಮೊದಲಿಂದ ಹೇಳ್ತೀನಿ. ತಪ್ಪ ತಿಳೀಬ್ಯಾಡ್ರಿ, ಇವತ್ತು ಬರೇ ಶುರು ಮಾಡೂದ ಆಗೇತಿ ನಂದು. ಇದು ಎರಡು ಸಾವಿರದ ಎರಡು ನೂರಾ ಹದಿನಾಲ್ಕನೇ ಇಸವಿ, ನೀರು ಗಟ್ಟಿಯಾಗೂ ತಿಂಗಳು. ಇನ್ನೂರು ವರ್ಷ ಹಿಂದಿನ ನಿಮ್ಮ ಕ್ಯಾಲೆಂಡರಿನಾಗ ಅಂಥಾ ತಿಂಗಳಿಲ್ಲ, ಗೊತ್ತೈತಿ. ನನ್ನ ಮಾತೂ ವಿಚಿತ್ರ ಕೇಳಿಸಬಹುದು. ಕೇಳಾವ್ರು ಕಡಿಮಿ ಇದ್ದಲ್ಲಿ ಮಾತು ಹಿಂಗ ಸೊಟ್ಟ ಬೆಳೀತೈತಿ.

ನಾನು ಪರಸಪ್ಪ. ಐವತ್ತಾತು. ಬಿಸಿಲು ತಡೀಲಾರದ ಕೃಷ್ಣಾ ದಂಡಿ ಬಿಟ್ಟು ಉತ್ತರದ ತುದಿಗೆ, ಈ ಲೇನಾ ನದಿ ದಂಡಿಗೆ ಬಂದವರ ಮರಿಮಗ. ನಿಮ್ಮ ಬಸ್ಸಿನಾಗ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಿವೀತಿತ್ತಂತ. ಕೇಳಿದ್ರ ಹೊಟ್ಟಿಕಿಚ್ಚು ಆಗ್ತೈತಿ ನನಗ.

ನೀವು ಕೂಗಳತಿ ಅಂತಿದ್ರಿ, ಕೂಗಿದ್ರ ಕೇಳೂವಷ್ಟು ದೂರ. ಇಲ್ಲಿ ಕೂಗಿದ್ರ ಜವುಗು ನುಂಗ್ತೈತಿ. ಅದಕ್ಕ ನಮ್ಮದು ಹೊಗಿಯಳತಿ. ನನ್ನ ಒಲಿ ಹೊಗಿ ನಿಮಗ ಕಾಣಬೇಕು, ನಿಮ್ಮದು ನನಗ. ಎರಡು ಹೊಗಿ ಎದ್ರ ಅದು ಊರು, ಸಾಮಾನಿನ ದೋಣಿ ನಿಲ್ತೈತಿ. ಒಂದ ಹೊಗಿ ಇದ್ರ ಊರಲ್ಲ, ಬರೇ ಒಬ್ಬ ಮನಷ್ಯಾ. ದೋಣಿ ಮುಂದಕ್ಕ ಹೋಗ್ತೈತಿ.

ನಮ್ಮೂರಿನ ಎರಡನೇ ಹೊಗಿ ಕಾಶವ್ವಕ್ಕಂದು, ನದಿ ಆಚಿ ದಂಡಿಗೆ. ಒಳಗಿನ ಮಂಜುಗಡ್ಡಿ ಕರಗಿ ಕುಸಿಯೂ ಭೂಮಿಗೆ ನಾವು ಹಸಿನೆಲ ಅಂತೀವಿ. ಈ ಬ್ಯಾಸಗ್ಯಾಗ ಆಕಿ ಮನಿ ಕೆಳಗ ಹಸಿನೆಲ ಆಗಿ, ಮನಿ ಒಂದ ಕಡೆ ವಾಲೇತಿ. ಹೋದ ವಾರ ಊಟಕ್ಕ ಹೋದ್ರ ತಾಟು ನನ್ನ ಕಡೆ ತಾನ ಜಾರಿ ಬಂತು.

"ಸಾಕಾಗೇತೋ ತಮ್ಮಾ," ಅಂದ್ಲು. "ಕಡೀ ದೋಣಿಗೆ ಹೋದ್ರೂ ಹೋದೇನು. ನೀ ಏನಂತಿ?"

ಬಾಯಿಗೆ ಬಿಡುವಿಲ್ಲದಾಂವ ನಾನು, ರೊಟ್ಟಿ ಮುರಕೊಂತ ಸುಮ್ನ ಕುಂತೆ.

"ಅಯ್ಯ, ನಿನ್ನ ಬಾಯಿಗೂ ಹಿಮ ಬಿತ್ತೇನು?" ಅಂತ ನಕ್ಕಳು.

ಯಾಕ ಸುಮ್ನಾದೆ ಅಂದ್ರ, ಇಲ್ಲಿ ಯಾರಿಗೂ 'ಇರು' ಅನ್ನಂಗಿಲ್ಲ, 'ಹೋಗು' ಅನ್ನಂಗಿಲ್ಲ. ಇನ್ನೊಬ್ಬರ ಮಾತಿಗೆ ಉಳದವರು ಚಳಿಗಾಲ ದಾಟೂದಿಲ್ಲ ಅಂತ ಹಿರ್ಯಾರು ಹಾಕಿದ ಕಟ್ಟು. ಆಕಿಗೂ ಗೊತ್ತು. ಗೊತ್ತಿದ್ದೂ ಕೇಳಿದ್ಲು ನೋಡ್ರಿ.

ನದಿ ಗಟ್ಟಿಯಾಗೂ ಮುಂಚಿನ ಆ ಕಡೀ ದೋಣಿ ಇವತ್ತ ಬರೂದು, ನಿಲ್ಲೂದು ಆಕಿ ದಂಡಿಗೆ. ಹೋಗೂದಿದ್ರ ಅಕ್ಕನ ಟ್ರಂಕು ದೋಣಿ ಹತ್ತತೈತಿ. ಇರೂದಿದ್ರ ಚಳಿಗಾಲದ ಹಿಟ್ಟಿನ ಚೀಲ ಇಳೀತಾವು. ಮುಂಜಾನಿಂದ ಮಂಜು ಮುಸುಕಿ ಆಚಿ ದಂಡಿ ಕಾಣವಲ್ದು, ಹೊಗಿನೂ ಕಾಣವಲ್ದು. ಆಕಿ ಹೋದ್ರ ನನಗ ದೋಣಿ ಇಲ್ಲ, ಊರಿಗೆ ಹೆಸರಿಲ್ಲ. ಅದಿರ್ಲಿ, ತಾಟು ಜಾರಿದ್ದಕ್ಕ ನಾನು ಯಾರ ಕೂಡ ನಗ್ಲಿ?

ನಿಮಗೊಂದು ಕೇಳ್ಕೋತೀನಿ. ನಿಮಗ ಈ ಕಟ್ಟಿಲ್ಲಲ್ಲ. ಬಾಜೂ ಮನ್ಯಾವರು ಸಾಮಾನು ಕಟ್ಟಾಕ ಹತ್ತಿದ್ರ ಒಂದ ಸಲ ಬಾಯಿಬಿಟ್ಟು 'ಇರ್ರಿ' ಅನ್ರಿ. ಹೋಗಾವ್ರು ಹೋಗ್ಲಿ. ನೀವು ಅಂದ ಮಾತಾದ್ರೂ ಉಳೀತೈತಿ. ನಾನಂತೂ...

ತಡೀರಿ, ವೈರ್‌ಲೆಸ್ಸು.

"ತಮ್ಮಾ! ಯಾರ ಕೂಡ ಹರಟಿ ಹೊಡ್ಯಾಕತ್ತೀಯೋ, ಆಗಿಂದ ಕರ್ಯಾಕತ್ತೀನಿ! ದೋಣ್ಯಾವರು ಹಿಟ್ಟಿನ ಚೀಲ ದಂಡಿಗೆ ಒಗದು ಹೋದ್ರು. ನಿಂದೂ ನಂದೂ ಎಲ್ಲಾ ಇಲ್ಲೇ ಬಿದ್ದಾವು, ಒಬ್ಬಾಕಿ ಎಲ್ಲಿ ಎತ್ತಲಿ? ತೆಪ್ಪ ತೊಗೊಂಡು ಬಾ. ಬರೂಮುಂದ ಸುತ್ತಿಗಿ ತಾ, ವಾಲಿದ ಮನಿ ಕೆಳಗ ಬೆಣಿ ಹೊಡೀಬೇಕು."

ಬಂದೆ ಅಕ್ಕಾ, ಬಂದೆ! ...ಇಡ್ತೀನ್ರಿ.